ದಯೆಯಲ್ಲ, ಹಕ್ಕು

ದುಡಿಯುವವನು ಕಾಯಿಲೆ ಬಿದ್ದರೆ ಅವನ ಮನೆಯ ಒಲೆ ಆರಬೇಕೆ? ಈ ಪ್ರಶ್ನೆಗೆ ದಾನಧರ್ಮದಲ್ಲಲ್ಲ, ಕಾನೂನಿನಲ್ಲಿ ಉತ್ತರ ಅರಸಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಪ್ರಮುಖರು.

1891ರಲ್ಲಿ ಜನಿಸಿದ ಅವರು ಮುಂಬಯಿಯ ಪರೇಲಿನ ಚಾಳಿನಲ್ಲಿ ಗಿರಣಿ ಕಾರ್ಮಿಕರ ನಡುವೆ ಬಾಳಿದರು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ, 1923ರಲ್ಲಿ ಮುಂಬಯಿಯಲ್ಲಿ ವಕೀಲಿ ವೃತ್ತಿ ಹಿಡಿದರು. 1928ರಲ್ಲಿ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ, ದುಡಿಯುವ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂದು ವಾದಿಸಿದರು. ಮರುವರ್ಷ ಅದು ಕಾಯಿದೆಯಾಯಿತು.

1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿದ್ದರು. ಆ ಅವಧಿಯಲ್ಲೇ, 1944ರಲ್ಲಿ, ಪ್ರೊ. ಬಿ. ಪಿ. ಅಡಾರ್ಕರ್ ಅವರ ಆರೋಗ್ಯ ವಿಮೆಯ ವರದಿ ಸಿದ್ಧವಾಯಿತು. ಅದರ ತಳಹದಿಯ ಮೇಲೆ 1948ರ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ಇ.ಎಸ್.ಐ., ರೂಪುಗೊಂಡಿತು. ಕಾಯಿಲೆಯ ಭತ್ಯೆ ಪಡೆಯುತ್ತಿರುವ ನೌಕರನನ್ನು ವಜಾ ಮಾಡುವುದನ್ನು ಅದು ನಿಷೇಧಿಸಿತು. ತಕರಾರು ಎದ್ದರೆ ವಿಮಾ ನ್ಯಾಯಾಲಯದಲ್ಲಿ ವಕೀಲರಾಗಲಿ ಕಾರ್ಮಿಕ ಸಂಘದ ಪದಾಧಿಕಾರಿಯಾಗಲಿ ಅವನ ಪರ ನಿಲ್ಲಲು ಅವಕಾಶವಿತ್ತಿತು.

1956ರಲ್ಲಿ ಅಂಬೇಡ್ಕರ್ ಗತಿಸಿದರು. ದಯೆ ಕೊಡುವವನ ಮನಸ್ಸನ್ನು ಅವಲಂಬಿಸಿದೆ. ಹಕ್ಕಿಗೆ ಆ ಹಂಗಿಲ್ಲ. ನಮ್ಮ ಮನೆಗೆಲಸದಾಕೆ ಜ್ವರದಿಂದ ಮಲಗಿದ ದಿನ, ಆಕೆಯ ಸಂಬಳ ಹಿಡಿಯುವ ಮುನ್ನ, ಈ ಭೇದವನ್ನು ನೆನೆಯೋಣ.