ವಿಮಾನ ಸುತ್ತು ಹೊಡೆಯುತ್ತದೆಯೇ? ನಕ್ಷೆ ಬರೆದ ಮರ್ಕೇಟರ್‌ನನ್ನೇ ಕೇಳೋಣ

ದೂರದೂರಿನ ವಿಮಾನಗಳ ದಾರಿ ನಕ್ಷೆಯ ಮೇಲೆ ಬಿಲ್ಲಿನಂತೆ ಬಾಗಿರುವ ಚಿತ್ರ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಭೂಮಿ ಚಪ್ಪಟೆ ಎನ್ನುವುದಕ್ಕೆ ಇದೇ ಸಾಕ್ಷಿ, ವಿಮಾನಗಳು ಪೆಸಿಫಿಕ್ ದಾಟಲು ಹೆದರುತ್ತವೆ ಎಂಬಂಥ ಒಕ್ಕಣೆ ಅದರ ಜೊತೆಗಿರುತ್ತದೆ. ಇದು ಸುಳ್ಳು. ಹತ್ತಿರದ ದಾರಿಯನ್ನು ಬಾಗಿಸಿ ತೋರಿಸುತ್ತಿರುವುದು ನಕ್ಷೆ. ಅದರ ಮೂಲ ಹುಡುಕಿದರೆ ನಾವು 450 ವರ್ಷ ಹಿಂದಕ್ಕೆ ಹೋಗಬೇಕು.

ಗೆರಾರ್ಡಸ್ ಮರ್ಕೇಟರ್ ಹುಟ್ಟಿದ್ದು 1512ರಲ್ಲಿ, ಇಂದಿನ ಬೆಲ್ಜಿಯಂನ ರುಪೆಲ್ಮಾಂಡೆ ಎಂಬ ಊರಿನಲ್ಲಿ. ತಂದೆ ಬೂಟು ಹೊಲಿಯುತ್ತಿದ್ದ. ಪಾದ್ರಿಯಾಗಿದ್ದ ಸಂಬಂಧಿಯೊಬ್ಬ ಹುಡುಗನನ್ನು ಓದಿಸಿದ. ಲೂವೆನ್ ವಿಶ್ವವಿದ್ಯಾಲಯದ ಓದಿನ ನಂತರ ಗೆಮ್ಮಾ ಫ್ರಿಸಿಯಸ್ ಎಂಬ ಗಣಿತಜ್ಞನ ಬಳಿ ಪಳಗಿ, 1541ರಲ್ಲಿ ತನ್ನದೇ ಭೂಗೋಳ, ಅಂದರೆ ಗ್ಲೋಬ್ ತಯಾರಿಸಿದ. 1544ರಲ್ಲಿ ಧರ್ಮದ್ರೋಹದ ಆರೋಪ ಬಂತು. ಹುಟ್ಟೂರಿನ ಕೋಟೆಯಲ್ಲೇ ಸುಮಾರು ಏಳು ತಿಂಗಳು ಸೆರೆ. ಅದೇ ಆರೋಪದಲ್ಲಿ ಸಿಕ್ಕಿಬಿದ್ದ ಕೆಲವರಿಗೆ ಮರಣದಂಡನೆಯಾಯಿತು, ಈತ ಉಳಿದುಕೊಂಡ. 1552ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಹೋಗಿ ನೆಲೆಸಿದ.

ಅಲ್ಲಿ, 1569ರಲ್ಲಿ, 18 ಹಾಳೆಗಳ ವಿಶ್ವ ನಕ್ಷೆ ಹೊರಬಂತು. ಅದು ನಾವಿಕರಿಗಾಗಿ ಮಾಡಿದ್ದು. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ಈ ನಕ್ಷೆಯಲ್ಲಿ ನೇರ ಗೆರೆಯಾಗುತ್ತದೆ. ಅದಕ್ಕಾಗಿ ಧ್ರುವಗಳತ್ತ ಹೋದಂತೆ ಅಕ್ಷಾಂಶ ರೇಖೆಗಳ ನಡುವಿನ ಅಂತರವನ್ನು ಆತ ಹಿಗ್ಗಿಸಬೇಕಾಯಿತು. ಹಾಗಾಗಿಯೇ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಮರ್ಕೇಟರ್ ಜಗತ್ತಿಗೆ ಮೋಸ ಮಾಡಿದ ಎಂದು ದೂರುವ ಪೋಸ್ಟ್‌ಗಳೂ ಇವೆ. ನಮಗೆ ಅದು ಅನ್ಯಾಯ ಅನಿಸುತ್ತದೆ. ದೂರ ಅಳೆಯುವುದು ಹೇಗೆಂಬ ವಿವರಣೆಯನ್ನು ಆತ ನಕ್ಷೆಯಲ್ಲೇ ಅಚ್ಚು ಹಾಕಿಸಿದ್ದ. ಉತ್ತರ ಧ್ರುವ ಈ ವಿಧಾನದಲ್ಲಿ ಮೂಡುವುದೇ ಇಲ್ಲವೆಂದು ಮೂಲೆಯಲ್ಲಿ ಅದಕ್ಕೆ ಬೇರೆ ಚಿತ್ರ ಕೊಟ್ಟಿದ್ದ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವವರು ಇದನ್ನೆಲ್ಲ ಓದುವುದಿಲ್ಲ, ಅಷ್ಟೆ.

ಈಗ ವಿಮಾನಕ್ಕೆ ಬರೋಣ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಆರಂಭಿಸಿತು. ಮರ್ಕೇಟರ್ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಮೇಲೆ ಹಾಯುತ್ತದೆ. ನಾವು ಲೆಕ್ಕ ಹಾಕಿದಾಗ ಆ ದಾರಿ ಸುಮಾರು 16,100 ಕಿ.ಮೀ. ಬಂತು. ದುಂಡು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಸೈಬೀರಿಯಾದ ಉತ್ತರ ಅಂಚು, ಅಲಾಸ್ಕಾ ಮೂಲಕ ಹೋಗುತ್ತದೆ: ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಉಳಿಯುವುದು ಎರಡು ಗಂಟೆಗೂ ಹೆಚ್ಚು ಸಮಯ, ಅಷ್ಟು ಹೊತ್ತಿನ ಇಂಧನ.

ಆದರೆ ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಪೂರ್ತಿ ಸಿಗುವುದಿಲ್ಲ. ಏರುವ, ಇಳಿಯುವ ಹೊತ್ತು ಸೇರಬೇಕು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಒಂದು ದಿಕ್ಕಿಗೆ ತಳ್ಳುತ್ತದೆ, ಎದುರು ಬಂದರೆ ತಡೆಯುತ್ತದೆ. ಹಾಗಾಗಿ ಹೋಗುವ, ಬರುವ ಸಮಯ ಬೇರೆ ಬೇರೆ. ಗಾಳಿಗೂ ಮುಚ್ಚಿದ ವಾಯುಪ್ರದೇಶಗಳಿಗೂ ತಕ್ಕಂತೆ ದಾರಿಯೂ ದಿನದಿನಕ್ಕೆ ಬದಲಾಗಬಹುದು.

ಮರ್ಕೇಟರ್ 1594ರಲ್ಲಿ ತೀರಿಕೊಂಡ. ಮರುವರ್ಷ ಮಗ ಪ್ರಕಟಿಸಿದ ಆತನ ನಕ್ಷೆಗಳ ಪುಸ್ತಕದಿಂದಲೇ ಅಟ್ಲಾಸ್ ಎಂಬ ಹೆಸರು ಬಳಕೆಗೆ ಬಂತು. ಫೋನಿನ ಮ್ಯಾಪ್‌ಗಳಲ್ಲಿ ಇಂದಿಗೂ ಆತನ ವಿಧಾನದ್ದೇ ಒಂದು ರೂಪ ಹೆಚ್ಚು ಬಳಕೆಯಲ್ಲಿದೆ. ಆ ಫಾರ್ವರ್ಡ್ ಮತ್ತೆ ಬಂದರೆ, ಮನೆಯಲ್ಲಿರುವ ಮಕ್ಕಳ ಗ್ಲೋಬ್ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿದು, ಅದರ ಫೋಟೊ ತೆಗೆದು ಗ್ರೂಪಿಗೆ ಹಾಕಿ.