ಟೊಮ್ಯಾಟೊ ತಳಿಗಾರ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ (1821–1898)

ಮಾರುಕಟ್ಟೆಯಲ್ಲಿ ನಾವಿಂದು ಕಾಣುವ ನುಣುಪಾದ, ಒಂದೇ ಸಮನಾದ, ತಿರುಳು ತುಂಬಿದ ಟೊಮ್ಯಾಟೊ ಹಣ್ಣಿಗೆ ದೀರ್ಘವಾದ ಇತಿಹಾಸವಿಲ್ಲ. ಸುಮಾರು 150 ವರ್ಷಗಳ ಹಿಂದೆ ಅಮೆರಿಕದ ಹೊಲಗಳಲ್ಲಿ ಬೆಳೆಯುತ್ತಿದ್ದ ದೊಡ್ಡ ಗಾತ್ರದ ಹಣ್ಣುಗಳಲ್ಲಿ ಬಹುಪಾಲು ಏಣುಏಣಾಗಿದ್ದವು. ಒಳಗೆ ಪೊಳ್ಳಾಗಿದ್ದು ತೊಟ್ಟಿನ ಸುತ್ತ ಹಸಿರು ಗಂಟು ಉಳಿಸಿಕೊಳ್ಳುತ್ತಿದ್ದವು. ಈ ಬೆಳೆಯ ಸ್ವರೂಪವನ್ನು ಬದಲಿಸಿದವರಲ್ಲಿ ಓಹಿಯೊ ರಾಜ್ಯದ ರೈತ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ ಪ್ರಮುಖರು. ಮನೆಯಲ್ಲೇ ಬೀಜ ಉಳಿಸಿಕೊಂಡು ಸಸಿ ಬೆಳೆಸುವ ನಮ್ಮ ರೈತ ಬಾಂಧವರಿಗೆ ಅವರ ಜೀವನದ ಒಂದು ಘಟ್ಟ ವಿಶೇಷವಾಗಿ ತಿಳಿದಿರಬೇಕಾದದ್ದು.

ಲಿವಿಂಗ್‌ಸ್ಟನ್ 1821ರಲ್ಲಿ, ಕೊಲಂಬಸ್ ನಗರಕ್ಕೆ ಸಮೀಪದ ರೇನಾಲ್ಡ್ಸ್‌ಬರ್ಗ್ ಎಂಬ ಊರಿನ ಕೃಷಿಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿ ಕೆಂಪು ಹಣ್ಣುಗಳನ್ನು ಕಂಡು ಕಿತ್ತು ತಾಯಿಯ ಬಳಿ ತಂದಾಗ, ಹಂದಿಗಳೂ ಮುಟ್ಟದ ಆ ಹಣ್ಣು ವಿಷವಿರಬೇಕೆಂದು ಆಕೆ ಎಚ್ಚರಿಸಿದ್ದರಂತೆ. ಆ ಕಾಲದ ಜನರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ನಮ್ಮ ದತ್ತೂರಿಯೂ ಟೊಮ್ಯಾಟೊ, ಬದನೆ ಸೇರಿದ ಕುಟುಂಬಕ್ಕೇ ಸೇರಿದ್ದು.

ಯೌವನದಲ್ಲಿ ಅವರು ಬೀಜ ಬೆಳೆಗಾರರೊಬ್ಬರ ಬಳಿ ದುಡಿದು, ಮುಂದೆ ಜಮೀನು ಮಾಡಿಕೊಂಡು, 1850ರ ದಶಕದಲ್ಲಿ ಸ್ವಂತ ತರಕಾರಿ ಬೀಜ ವ್ಯಾಪಾರ ಆರಂಭಿಸಿದರು. ಅದೇ ವೇಳೆಗೆ ಹಣ್ಣುಗಳನ್ನು ಡಬ್ಬಿಗಳಲ್ಲಿ ಸಂಸ್ಕರಿಸುವ ಉದ್ಯಮ ಬೆಳೆಯತೊಡಗಿತ್ತು. ಏಣುಗಳಿರುವ ಹಣ್ಣಿನ ಸಿಪ್ಪೆ ಸುಲಿಯುವುದು ಕಷ್ಟ, ತಿರುಳೂ ಹೆಚ್ಚು ನಷ್ಟ. ಆದ್ದರಿಂದ ನುಣುಪಾದ ಹಣ್ಣು ಕೊಡುವ ಬೀಜಕ್ಕೆ ಒಳ್ಳೆಯ ಬೇಡಿಕೆ ಇದ್ದೇ ಇತ್ತು. ಬೀಜ ಮಾತ್ರ ಸುಲಭವಾಗಿ ಸಿಗುತ್ತಿರಲಿಲ್ಲ.

ಅಂತಹ ಬೀಜಕ್ಕಾಗಿ ಲಿವಿಂಗ್‌ಸ್ಟನ್ ಸುಮಾರು 15 ವರ್ಷ ಶ್ರಮಿಸಿದರು. ಅನುಸರಿಸಿದ್ದು ಎಲ್ಲ ರೈತರೂ ಅನುಸರಿಸುತ್ತಿದ್ದ ಕ್ರಮವನ್ನೇ: ಹೊಲದಲ್ಲಿ ಅತ್ಯುತ್ತಮವಾಗಿ ಕಂಡ ಹಣ್ಣುಗಳನ್ನು ಆರಿಸಿ, ಅವುಗಳ ಬೀಜ ತೆಗೆದು, ಮುಂದಿನ ವರ್ಷ ಬಿತ್ತುವುದು. ಪ್ರತಿ ವರ್ಷವೂ ಹಳೆಯ ಏಣಿನ ಹಣ್ಣುಗಳೇ ಮರಳಿ ಬಂದವು. ಇದರ ಕಾರಣ ಇಂದು ಸ್ಪಷ್ಟವಾಗಿದೆ. ಟೊಮ್ಯಾಟೊ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆ. ಒಂದು ಗಿಡದ ಎಲ್ಲ ಹಣ್ಣುಗಳ ಬೀಜವೂ ಆ ಗಿಡದ ಗುಣವನ್ನೇ ಹೊತ್ತಿರುತ್ತದೆ. ಹತ್ತು ಒರಟು ಹಣ್ಣುಗಳ ನಡುವೆ ಒಂದು ಚೆಲುವಾದ ಹಣ್ಣು ಬಿಟ್ಟಿದ್ದರೆ ಅದು ನೀರು, ಗೊಬ್ಬರ, ಹವಾಮಾನಗಳ ಅನುಕೂಲದಿಂದ ಆದದ್ದೇ ಹೊರತು ತಳಿಗುಣದಿಂದಲ್ಲ. ಅದರ ಬೀಜ ಬಿತ್ತಿದವನು ಒರಟು ಗಿಡವನ್ನೇ ಬಿತ್ತಿದಂತೆ.

ಒಂದು ವರ್ಷ ಹೊಲದಲ್ಲಿ ನಡೆಯುತ್ತಿದ್ದಾಗ ಅವರ ದೃಷ್ಟಿ ಉಳಿದವುಗಳಿಗಿಂತ ಭಿನ್ನವಾದ ಒಂದು ಗಿಡದ ಮೇಲೆ ಬಿತ್ತು. ಎಲೆಗಳು ದಟ್ಟವಾಗಿದ್ದವು, ಹಣ್ಣುಗಳು ಹೇರಳವಾಗಿದ್ದು, ಎಲ್ಲವೂ ಒಂದೇ ರೀತಿ ನುಣುಪಾಗಿದ್ದವು. ಮಾರುಕಟ್ಟೆಗೆ ಒಯ್ಯಲಾಗದಷ್ಟು ಚಿಕ್ಕವಾಗಿದ್ದುದೊಂದೇ ಕೊರತೆ. ಗಾತ್ರ ನೋಡಿ ಆರಿಸುವ ರೈತ ಆ ಗಿಡವನ್ನು ಕಡೆಗಣಿಸುತ್ತಿದ್ದ. ಲಿವಿಂಗ್‌ಸ್ಟನ್ ಅದೊಂದೇ ಗಿಡದ ಬೀಜವನ್ನು ಪ್ರತ್ಯೇಕವಾಗಿ ಕಾಪಿಟ್ಟರು.

ಓಹಿಯೊದ ಚಳಿಗಾಲ ಕಠಿಣವಾದದ್ದು. ಮೇ ತಿಂಗಳಲ್ಲೂ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಗಿಡಗಳನ್ನು ಸುಡುವುದುಂಟು. ನೇರ ಬಿತ್ತಿದರೆ ಹಣ್ಣಾಗುವ ಮೊದಲೇ ಶರತ್ಕಾಲದ ಹಿಮ ಬೀಳುತ್ತದೆ. ಆದ್ದರಿಂದ ಅಲ್ಲಿನ ಬೆಳೆಗಾರರು ಚಳಿಗಾಲದ ಕೊನೆಯಲ್ಲೇ ಗುಂಡಿಯಲ್ಲಿ ತಾಜಾ ಕುದುರೆ ಲದ್ದಿ ತುಂಬಿ, ಮೇಲೆ ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿ ಸಸಿಮಡಿ ಸಿದ್ಧಪಡಿಸುತ್ತಿದ್ದರು. ಲದ್ದಿ ಕೊಳೆಯುವಾಗ ಹೊಮ್ಮುವ ಶಾಖವೇ ಬೀಜಕ್ಕೆ ಬೆಚ್ಚನೆಯ ಹಾಸಿಗೆ. ವಸಂತ ಬಂದಂತೆ ಗಾಜನ್ನು ದಿನದಿನವೂ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟು ಸಸಿಗಳನ್ನು ಹದಗೊಳಿಸಿ, ಹಿಮದ ಭಯ ಕಳೆದ ಮೇಲೆ ನಾಟಿ ಮಾಡುವುದು ರೂಢಿ. ನಮ್ಮಲ್ಲಿ ಬೇಸಿಗೆ ಬೆಳೆಯ ಸಸಿಗಳಿಗೆ ಶತ್ರು ಹಿಮವಲ್ಲ, ಬಿಸಿಲು ಮತ್ತು ಎಲೆ ಮುಟುರು ನಂಜುರೋಗ ಹರಡುವ ಬಿಳಿನೊಣ. ಗಾಜಿನ ಬದಲು ನೈಲಾನ್ ಪರದೆ ಬೇಕು. ಆದರೆ ನಾಟಿಗೆ ಮುನ್ನ ನೀರು ಕಡಿಮೆ ಮಾಡಿ ಸಸಿಯನ್ನು ಹದಗೊಳಿಸುವ ತತ್ತ್ವ ಅದೇ.

ಮರುವಸಂತದಲ್ಲಿ ಲಿವಿಂಗ್‌ಸ್ಟನ್ ಆ ಒಂಟಿ ಗಿಡದ ಸಂತತಿಯನ್ನು ತೋಟದಲ್ಲಿ ಎರಡು ಸಾಲು ನೆಟ್ಟರು. ಎರಡೂ ಸಾಲುಗಳ ಗಿಡಗಳು ತಾಯಿಗಿಡದಂತೆಯೇ ನುಣುಪಾದ ಹಣ್ಣು ಬಿಟ್ಟವು. 15 ವರ್ಷಗಳಲ್ಲಿ ಆಗದ ಕಾರ್ಯ ಒಂದೇ ಹಂಗಾಮಿನಲ್ಲಿ ಆಯಿತು. ಬಳಿಕ ಅಂತರ ಹೆಚ್ಚಿಸಿ ನೆಟ್ಟು, ಉತ್ತಮ ಬೇಸಾಯ ಮಾಡಿ, ಪ್ರತಿ ವರ್ಷ ಗಿಡಗಳನ್ನು ಆರಿಸುತ್ತ ಸುಮಾರು ಐದು ವರ್ಷಗಳಲ್ಲಿ ಗಾತ್ರದ ಕೊರತೆಯನ್ನೂ ನೀಗಿಸಿ 1870ರಲ್ಲಿ ಪ್ಯಾರಗಾನ್ ಎಂಬ ಹೆಸರಿನಿಂದ ಬೀಜ ಬಿಡುಗಡೆ ಮಾಡಿದರು. ಇದನ್ನೇ ಜಗತ್ತಿನ ಮೊದಲ ನುಣುಪಾದ ಟೊಮ್ಯಾಟೊ ಎನ್ನುವುದು ಅತಿಶಯವೆಂದು ನನ್ನ ಅಭಿಪ್ರಾಯ. ಟ್ರೋಫಿ ಎಂಬ ಇನ್ನೊಬ್ಬರ ಉತ್ತಮ ತಳಿಯೂ ಅದೇ ಕಾಲದ್ದು. ಲಿವಿಂಗ್‌ಸ್ಟನ್ನರ ಹಿರಿಮೆ ಇರುವುದು ಆ ವಿಧಾನವನ್ನು ಮತ್ತೆ ಮತ್ತೆ ಫಲಪ್ರದವಾಗಿ ಬಳಸಿದ್ದರಲ್ಲಿ. 1875ರಲ್ಲಿ ಏಕ್ಮೆ, 1880ರಲ್ಲಿ ಪರ್ಫೆಕ್ಷನ್, 1882ರಲ್ಲಿ ಹಳದಿ ಹಣ್ಣಿನ ಗೋಲ್ಡನ್ ಕ್ವೀನ್, 1886ರಲ್ಲಿ ಬ್ಯೂಟಿ ಹೊರಬಂದವು. ಹೊಸ ತಳಿಗೆ ಹಕ್ಕು ನೀಡುವ ಕಾನೂನು ಅಂದು ಇರಲಿಲ್ಲ. ಒಮ್ಮೆ ಬೀಜ ಕೊಂಡವರು ಅದನ್ನು ಬೆಳೆಸಿ ತಾವೂ ಮಾರಬಹುದಿತ್ತು.

1880ರಲ್ಲಿ ಅವರು ಅಯೋವಾ ರಾಜ್ಯದ ಡಿ ಮಾಯ್ನ್ ನಗರಕ್ಕೆ ತೆರಳಿ ಅಲ್ಲಿಯೂ ಬೀಜ ವ್ಯಾಪಾರ ನಡೆಸಿದರು. ಓಹಿಯೊದ ಸಂಸ್ಥೆಯನ್ನು ಮಗ ಮುಂದುವರಿಸಿದರು. 1893ರಲ್ಲಿ ತಮ್ಮ ಅನುಭವವನ್ನು ಟೊಮ್ಯಾಟೊ ಕುರಿತ ಪುಸ್ತಕವಾಗಿ ಪ್ರಕಟಿಸಿ, 1898ರಲ್ಲಿ ನಿಧನರಾದರು. ಮೆಂಡೆಲ್‌ರ ಅನುವಂಶೀಯ ನಿಯಮಗಳು ಮರಳಿ ಬೆಳಕಿಗೆ ಬಂದದ್ದು 1900ರಲ್ಲಿ. ಶುದ್ಧ ಸಾಲಿನ ಆಯ್ಕೆಗೆ ಜೋಹಾನ್ಸನ್ ವೈಜ್ಞಾನಿಕ ಆಧಾರ ಒದಗಿಸಿದ್ದು 1903ರಲ್ಲಿ. ಓಹಿಯೊದ ರೈತ ಅದೇ ಕ್ರಮವನ್ನು ಕಣ್ಣಳತೆಯಿಂದ ಮಾಡಿ ಮುಗಿಸಿದ್ದರು.

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಕೂಡ ಟಿಪ್‌ಟಾಪ್ ಎಂಬ ಅಮೆರಿಕನ್ ತಳಿಯಿಂದ ಶುದ್ಧ ಸಾಲಿನ ಆಯ್ಕೆಯಿಂದಲೇ ಪಡೆದದ್ದು. ಇಂತಹ ಸುಧಾರಿತ ತಳಿಗಳ ಬೀಜವನ್ನು ರೈತರು ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್‌ನಂತಹ ಸಂಕರಣ ತಳಿಗಳ ಹಣ್ಣಿನಿಂದ ಬೀಜ ತೆಗೆದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ ಗಿಡಕ್ಕೊಂದು ಬಗೆಯ ಹಣ್ಣು ಬರುತ್ತದೆ, ರೋಗ ನಿರೋಧಕತೆಯೂ ಎಲ್ಲ ಗಿಡಗಳಲ್ಲಿ ಉಳಿಯುವುದಿಲ್ಲ; ಸಾಲ ಮಾಡಿ ಬೆಳೆ ಇಟ್ಟವರಿಗೆ ಈ ಅಪಾಯ ಸಲ್ಲದು. ವಿಸ್ತರಣಾ ಕಾರ್ಯಕರ್ತರು ಬೀಜ ಉಳಿಸುವ ರೈತರನ್ನು ಮೊದಲ ಕೊಯ್ಲಿಗೆ ಮುನ್ನವೇ ಹೊಲಕ್ಕೆ ಕರೆದೊಯ್ಯಬೇಕು. ಎಲೆ ಮುಟುರು, ಮೊಸಾಯಿಕ್, ಸೊರಗು ರೋಗಗಳ ಲಕ್ಷಣವಿಲ್ಲದ, ಬಹುತೇಕ ಎಲ್ಲ ಗೊಂಚಲುಗಳಲ್ಲೂ ಒಂದೇ ತೆರನಾದ ಹಣ್ಣು ಹೊತ್ತ ಗಿಡಗಳಿಗೆ ಬಣ್ಣದ ದಾರ ಕಟ್ಟಿಸಿ, ಆ ಹಣ್ಣುಗಳನ್ನು ಮಾರಾಟದ ಕ್ರೇಟಿಗೆ ಸೇರಿಸದೆ ಗಿಡದಲ್ಲೇ ಪೂರ್ಣ ಮಾಗಲು ಬಿಡಿಸಬೇಕು. ಬೀಜವನ್ನು ರಸದೊಂದಿಗೆ ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ, ಸಾಧ್ಯವಾದಲ್ಲಿ ಪ್ರತಿ ಗಿಡದ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಮುಂದಿನ ಹಂಗಾಮಿನಲ್ಲಿ ಒಂದೊಂದು ಪೊಟ್ಟಣದ ಸಸಿಗಳನ್ನು ಒಂದೊಂದು ಸಾಲಿನಲ್ಲಿ ನಾಟಿ ಮಾಡಿಸುವುದು ಸೂಕ್ತ.