ಕಲ್ಕತ್ತದ ಪ್ರಥಮ ಮೇಯರ್ ದೇಶಬಂಧು

ನಗರಸಭೆಯ ಗದ್ದುಗೆ ಬದಲಾವಣೆ ಸಾಮಾನ್ಯವಾಗಿ ಆ ಊರಿನ ಸುದ್ದಿಯಷ್ಟೇ. ಆದರೆ 1924ರಲ್ಲಿ ಕಲ್ಕತ್ತ ಮಹಾನಗರಪಾಲಿಕೆಯಲ್ಲಿ ನಡೆದ ಅಧಿಕಾರ ಹಸ್ತಾಂತರ ಇಡೀ ದೇಶದ ಗಮನ ಸೆಳೆದಿತ್ತು. ಅದರ ಸೂತ್ರಧಾರ ದೇಶಬಂಧು ಚಿತ್ತರಂಜನ ದಾಸ್.

1870ರ ನವೆಂಬರ್ 5ರಂದು ಜನಿಸಿದ ದಾಸ್ ಇಂಗ್ಲೆಂಡಿನಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ವಿಫಲರಾಗಿ ಬ್ಯಾರಿಸ್ಟರ್ ಆಗಿ ಮರಳಿದರು. ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದ ಘೋಷರ ಪರ ವಾದಿಸಿ, 1909ರಲ್ಲಿ ಅವರ ಬಿಡುಗಡೆಗೆ ಕಾರಣರಾದ ಮೇಲೆ ಅವರ ಕೀರ್ತಿ ಹಬ್ಬಿತು. ಕಾನೂನಿನ ಬಾಧ್ಯತೆ ಇಲ್ಲದಿದ್ದರೂ ತಂದೆಯ ಸಾಲವನ್ನು ತೀರಿಸಿದರು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅಪಾರ ಆದಾಯದ ವಕೀಲಿ ವೃತ್ತಿಯನ್ನು ತೊರೆದು, 1921ರ ಡಿಸೆಂಬರಿನಲ್ಲಿ ಸೆರೆಮನೆ ಸೇರಿದರು.

ಬ್ರಿಟಿಷರ ಶಾಸನಸಭೆಗಳನ್ನು ಬಹಿಷ್ಕರಿಸಬೇಕೇ, ಒಳಹೊಕ್ಕು ಹೋರಾಡಬೇಕೇ ಎಂಬ ಪ್ರಶ್ನೆ 1922ರ ಗಯಾ ಕಾಂಗ್ರೆಸ್ ಅಧಿವೇಶನವನ್ನು ಇಬ್ಭಾಗ ಮಾಡಿತು. ಅಧ್ಯಕ್ಷರಾಗಿದ್ದ ದಾಸ್ ಪ್ರವೇಶದ ಪರ ನಿಂತು ಸೋತರು. ಸೋತು ಸುಮ್ಮನಾಗದೆ ಮೋತಿಲಾಲ್ ನೆಹರೂ ಅವರೊಡನೆ 1923ರಲ್ಲಿ ಸ್ವರಾಜ್ಯ ಪಕ್ಷವನ್ನು ಕಟ್ಟಿದರು.

ಅದೇ ವರ್ಷ ಬಂಗಾಳದ ಸ್ಥಳೀಯ ಸ್ವಯಮಾಡಳಿತ ಸಚಿವ ಸುರೇಂದ್ರನಾಥ ಬ್ಯಾನರ್ಜಿಯವರು ತಂದ ಕಲ್ಕತ್ತ ಪೌರ ಕಾಯ್ದೆಯು ಪಾಲಿಕೆಯ ಆಡಳಿತವನ್ನು ಬಹುಮಟ್ಟಿಗೆ ಚುನಾಯಿತರ ಕೈಗಿತ್ತು, ಮೇಯರ್ ಹುದ್ದೆಯನ್ನು ಸೃಷ್ಟಿಸಿತು. ವಿಪರ್ಯಾಸವೆಂದರೆ, ಕಾಯ್ದೆ ರೂಪಿಸಿದ ಆ ಹಿರಿಯ ನಾಯಕರು 1923ರ ಶಾಸನಸಭಾ ಚುನಾವಣೆಯಲ್ಲಿ, ಸ್ವರಾಜ್ಯ ಪಕ್ಷದ ಬೆಂಬಲವಿದ್ದ ಯುವ ವೈದ್ಯ ಬಿಧಾನಚಂದ್ರ ರಾಯ್ ಅವರೆದುರು ಪರಾಭವಗೊಂಡರು. ಹೊಸ ಕಾಯ್ದೆಯ ಫಲವನ್ನುಂಡದ್ದು ಸ್ವರಾಜ್ಯ ಪಕ್ಷ.

1924ರ ಪಾಲಿಕೆ ಚುನಾವಣೆಯಲ್ಲಿ ಪಕ್ಷ ಬಹುಮತ ಗಳಿಸಿತು. ದಾಸ್ ಪ್ರಥಮ ಮೇಯರ್ ಆದರು, ಎಚ್.ಎಸ್. ಸುಹ್ರವರ್ದಿ ಉಪಮೇಯರ್. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ನೇಮಕಗೊಂಡ ಸುಭಾಷಚಂದ್ರ ಬೋಸ್‌ಗೆ ಆಗ 27ರ ಹರೆಯ. ತಿಂಗಳಿಗೆ 3,000 ರೂಪಾಯಿ ವೇತನದಲ್ಲಿ ಅವರು ಅರ್ಧವನ್ನಷ್ಟೇ ಪಡೆದರು. ಉಚಿತ ಪ್ರಾಥಮಿಕ ಶಿಕ್ಷಣ, ಬಡವರಿಗೆ ಉಚಿತ ಚಿಕಿತ್ಸೆ, ಅಗ್ಗದ ಶುದ್ಧ ಆಹಾರ ಮತ್ತು ಹಾಲು, ಕೊಳೆಗೇರಿಗಳಿಗೆ ನೀರು ಹಾಗೂ ನೈರ್ಮಲ್ಯ ದಾಸರ ಕಾರ್ಯಕ್ರಮಗಳಾಗಿದ್ದವು.

ಈ ಗೆಲುವಿನ ಹಿಂದೆ 1923ರ ಬಂಗಾಳ ಒಪ್ಪಂದವಿತ್ತು. ಸರ್ಕಾರಿ ಹುದ್ದೆಗಳಲ್ಲಿ ಮುಸ್ಲಿಮರಿಗೆ ಶೇ 55ರಷ್ಟು ಪಾಲು ನೀಡುವ ಭರವಸೆಯನ್ನು ಅದು ಒಳಗೊಂಡಿತ್ತು. ಕಾಕಿನಾಡ ಕಾಂಗ್ರೆಸ್ ಅದನ್ನು ತಿರಸ್ಕರಿಸಿದರೂ ದಾಸ್ ಹಿಂದೆಗೆಯಲಿಲ್ಲ. ಪಾಲಿಕೆಯ ನೇಮಕಗಳಲ್ಲಿ ಮುಸ್ಲಿಮರಿಗೆ ಸ್ಥಾನ ದೊರೆತಾಗ ಸ್ವಂತ ಬೆಂಬಲಿಗರ ಅಸಮಾಧಾನವನ್ನೂ ಅವರು ಎದುರಿಸಬೇಕಾಯಿತು.

1924ರ ಅಕ್ಟೋಬರಿನಲ್ಲಿ ಸರ್ಕಾರ ಸುಭಾಷರನ್ನು ಬಂಧಿಸಿತು. ಮುಂದೆ ಅವರನ್ನು ಮಂಡಾಲೆಗೆ ಸಾಗಿಸಲಾಯಿತು. ಇದರ ಬೆನ್ನಲ್ಲೇ ಗಾಂಧೀಜಿ ಮತ್ತು ಸ್ವರಾಜ್ಯ ನಾಯಕರ ನಡುವೆ ಏರ್ಪಟ್ಟ ಒಪ್ಪಂದಕ್ಕೆ ಅನುಮೋದನೆ ದೊರೆತದ್ದು ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

1925ರ ಜೂನ್ 16ರಂದು ಡಾರ್ಜಿಲಿಂಗ್‌ನಲ್ಲಿ, 54ನೇ ವಯಸ್ಸಿನಲ್ಲಿ ದಾಸ್ ನಿಧನರಾದರು. ಮರುವರ್ಷವೇ ಕಲ್ಕತ್ತದಲ್ಲಿ ಕೋಮುಗಲಭೆ ಭುಗಿಲೆದ್ದಿತು. ಬಂಗಾಳ ಒಪ್ಪಂದವನ್ನು ಪ್ರಾಂತೀಯ ಸಮ್ಮೇಳನ ಕೈಬಿಟ್ಟಿತು. ಅವರು ಜನರಿಗೆ ಬಿಟ್ಟುಕೊಟ್ಟ ಮನೆ ಮಾತ್ರ ಚಿತ್ತರಂಜನ ಸೇವಾಸದನವೆಂಬ ಮಹಿಳಾ ಆಸ್ಪತ್ರೆಯಾಯಿತು. ಚುನಾವಣೆ ಗೆದ್ದು ಅಧಿಕಾರ ಹಿಡಿಯುವುದಕ್ಕಿಂತ, ಗೆಲುವಿಗೆ ಕಾರಣವಾದ ಮಾತನ್ನು ಅಧಿಕಾರದಲ್ಲಿದ್ದು ಉಳಿಸಿಕೊಳ್ಳುವುದು ಕಠಿಣ. ದಾಸ್ ಬದುಕಿರುವವರೆಗೆ ಅದನ್ನು ಉಳಿಸಿಕೊಂಡರು.